ಮುದಿ ತಟ್ಟುವಿನ ಹಸಿವು

ಪೀಣ್ಯದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ನೆರೆಯವರೊಬ್ಬರ ಮುದಿ ತಟ್ಟು ಇದೆ. ಒಂದು ಕಾಲಕ್ಕೆ ಜಟಕಾ ಎಳೆದ ಜೀವ. ಕಳೆದ ಬೇಸಿಗೆಯಲ್ಲಿ ಅದರ ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. "ವಯಸ್ಸಾಯಿತು ಮೇಷ್ಟ್ರೇ, ಇನ್ನೆಷ್ಟು ದಿನ?" ಎಂದರು ಅವರು. ಗೋದಲಿಯ ತುಂಬ ಹುಲ್ಲಿತ್ತು. ಕೆಳಗೆ ಅರ್ಧ ಅಗಿದು ಉದುರಿಸಿದ ಹುಲ್ಲಿನ ಉಂಡೆಗಳಿದ್ದವು. ಕಾರಣ ಆ ಉಂಡೆಗಳಲ್ಲೇ ಇದೆಯೆಂದು ಪಶುವೈದ್ಯರು ತೋರಿಸಿಕೊಟ್ಟರು.

ಕುದುರೆಯ ದವಡೆಹಲ್ಲು ಸವೆದಂತೆಲ್ಲ ಒಸಡಿನಿಂದ ಮೇಲೇರುತ್ತದೆ; ಮುಪ್ಪಿನಲ್ಲಿ ಆ ದಾಸ್ತಾನು ತೀರುತ್ತದೆ. ಅಗಿಯದ ನಾರು ಮೈಗೆ ಹತ್ತದು. ಕರುಳಿನಲ್ಲಿ ಗಂಟುಕಟ್ಟಿ ಶೂಲೆಯನ್ನೂ ತಂದೀತು. ಆದರೂ ನಾರನ್ನು ಬಿಡುವಂತಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಬಾಳುವುದೇ ಅದರಿಂದ. ಆದುದರಿಂದ ಹುಲ್ಲನ್ನು ಸಣ್ಣಗೆ ಕತ್ತರಿಸಿ ನೀರಿನಲ್ಲಿ ನೆನೆಸಬೇಕು. ಬೇಯಿಸಿ ಹಿಸುಕಿದ ಹುರುಳಿಯನ್ನು ಮಿತವಾಗಿ ಬೆರೆಸಬೇಕು. ಕುದುರೆಯ ಜಠರ ಚಿಕ್ಕದು. ನಾಲ್ಕೈದು ಹೊತ್ತು ಸ್ವಲ್ಪಸ್ವಲ್ಪವೇ ಉಣಿಸಬೇಕು. 200 ಕಿಲೋ ತೂಗುವ ತಟ್ಟುವಿಗೆ ದಿನಕ್ಕೆ, ಒಣಮೇವಿನ ಲೆಕ್ಕದಲ್ಲಿ, ಸುಮಾರು 4 ಕಿಲೋ ಬೇಕು. ಅಗ್ಗವೆಂದು ಬರಿಯ ಬೂಸವನ್ನೇ ಸುರಿಯಬಾರದು. ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ, ಮೂಳೆ ಸೊರಗುತ್ತದೆ. ಉಪ್ಪು, ಶುದ್ಧ ನೀರು ಸದಾ ಇರಬೇಕು. ಹೊಸ ಮೇವನ್ನು ಕ್ರಮೇಣ ರೂಢಿಸಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ತಟ್ಟುವಿನ ಪಕ್ಕೆ ತುಂಬಿತು. ನಾವು ಮುಪ್ಪೆಂದು ಕೈಚೆಲ್ಲಿದ್ದೆವು. ಅದು ತುಂಬಿದ ಗೋದಲಿಯ ಮುಂದೆ ಹಸಿದು ನಿಂತಿತ್ತು. ಮುದಿ ಕುದುರೆ ಸೊರಗಿದರೆ ಮೊದಲು ಅದರ ಬಾಯಿ ತೆರೆಸಿ ನೋಡಿಸಿ.