ಬಾವಿ ಕಾಲುವೆಗಳ ಅಗೆತದಲ್ಲಿ ಆಳುಗಳ ಪ್ರಾಣರಕ್ಷಣೆ

ಸುಗ್ಗಿ ಮುಗಿದು ಹೊಲಗಳು ತೆರವಾದ ಮೇಲೆ ಬಾವಿ ತೋಡಿಸುವುದೂ ಬಸಿಗಾಲುವೆ ತೆಗೆಯಿಸುವುದೂ ರೈತರಲ್ಲಿ ವಾಡಿಕೆಯಷ್ಟೆ. ಈ ಕೆಲಸಗಳಲ್ಲಿ ದಡ ಕುಸಿದು ಆಳುಗಳು ಸತ್ತರೆ ಅದನ್ನು ವಿಧಿಯೆಂದು ಎಣಿಸುವವರು ಬಹು ಮಂದಿ. ಆದರೆ ಇಂಥ ಮರಣಗಳಲ್ಲಿ ಹೆಚ್ಚಿನವು ಮಣ್ಣಿನ ಗುಣವನ್ನರಿತು ನಡೆದರೆ ತಪ್ಪತಕ್ಕವು.

ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುವುದು. ನೆನೆದರೆ ಇನ್ನೂ ಹೆಚ್ಚು. ಗಜದುದ್ದ, ಗಜದಗಲ, ಗಜದೆತ್ತರದ ಹೆಂಟೆಯೊಂದು 12 ಕ್ವಿಂಟಾಲಿಗೆ ಕಡಮೆಯಿಲ್ಲ. ಎದೆಯವರೆಗೆ ಹೂತವನು ಉಸಿರು ಬಿಟ್ಟಾಗಲೆಲ್ಲ ಮಣ್ಣು ಆ ತೆರವಿಗೆ ಇಳಿದು ಬಿಗಿಯುವುದರಿಂದ, ತಲೆ ಹೊರಗಿದ್ದರೂ ಅವನು ಉಸಿರೆಳೆಯಲಾರದೆ ಸಾಯಬಹುದು.

“ನೆಲ ಗಟ್ಟಿಯಾಗಿದೆ, ನಿಲ್ಲುತ್ತದೆ” ಎಂಬ ಮಾತನ್ನು ನಂಬಕೂಡದು. ಅಗೆಯುವುದಕ್ಕೆ ಮುಂಚೆ ಪಕ್ಕದ ಮಣ್ಣು ಒತ್ತಿ ಹಿಡಿದಿದ್ದುದರಿಂದ ನಿಂತಿದ್ದ ದಡವು ಈಗ ತನ್ನ ಬಿಗಿಯೊಂದರಿಂದಲೇ ನಿಲ್ಲಬೇಕಾಗುವುದು. ಬಿಸಿಲಿಗೆ ಒಣಗಿದಂತೆ, ಅಥವಾ ನೀರು ಒಸರಿದಂತೆ, ಆ ಬಿಗಿಯೂ ಸಡಿಲುವುದು. ಬೆಳಗ್ಗೆ ನೆಟ್ಟಗಿದ್ದ ದಡ ಮಧ್ಯಾಹ್ನ ಬೀಳುವುದು ಹೀಗೆ. ಎರೆಭೂಮಿಯಲ್ಲಿ ಬೇಸಗೆಯ ಬಿರುಕುಗಳು ಆಳಕ್ಕೆ ಇಳಿದಿರುವುವು. ಮಳೆ ಬಂದೊಡನೆ ಅವುಗಳಲ್ಲಿ ನೀರು ತುಂಬಿ ದಡವನ್ನು ಹೊರಕ್ಕೆ ನೂಕುವುದು. ಹಿಂದೆ ತೋಡಿ ಮುಚ್ಚಿದ ಸ್ಥಳವಂತೂ ಎಂದಿಗೂ ಗಟ್ಟಿಯಲ್ಲ.

ಆದಕಾರಣ ಒಂದೂವರೆ ಮೀಟರು, ಅಂದರೆ ಸುಮಾರು 5 ಅಡಿ, ಆಳವಾದ ಕೂಡಲೆ ದಡವನ್ನು ಓರೆಯಾಗಿ ಕಡಿಯಬೇಕು, ಇಲ್ಲವೆ ಹಲಗೆ ನಿಲ್ಲಿಸಿ ಅಡ್ಡಮರ ಬಿಗಿಯಬೇಕು. ಬಿರುಕು ಬಿಟ್ಟ ಎರೆಮಣ್ಣಿನಲ್ಲಿ ಅಡಿ ಆಳಕ್ಕೆ ಅಡಿಯಂತೆಯೂ, ಮರಳು ಮಣ್ಣಿನಲ್ಲಿ ಒಂದೂವರೆ ಅಡಿಯಂತೆಯೂ ಓರೆ ಬಿಡತಕ್ಕದ್ದು. ಇದರಿಂದ ಭೂಮಿ ಹೆಚ್ಚು ಹಿಡಿಯುವುದು ನಿಜ. ಅಷ್ಟು ಭೂಮಿ ಬಿಡಲಾಗದವರು ಮರದ ಖರ್ಚಿಗೆ ಹಿಂದೆಗೆಯಬಾರದು.

ತೆಗೆದ ಮಣ್ಣನ್ನು ದಡದಿಂದ ಒಂದೂವರೆ ಮೀಟರಾದರೂ, ಅಗೆತದ ಆಳದ ಅರ್ಧ ಅದಕ್ಕಿಂತ ಹೆಚ್ಚಾದರೆ ಅಷ್ಟು ದೂರವಾದರೂ, ಹಾಕಿಸಬೇಕು. ಇಲ್ಲಿ ಯಜಮಾನರಿಗೆ ಒಂದು ಮಾತು. ಗುಂಡಿಯ ಅಳತೆಯ ಮೇಲೆ ಮಾತ್ರ ಕೂಲಿ ಗೊತ್ತುಮಾಡಿದರೆ ಆಳು ಮಂಕರಿಯನ್ನು ಅಂಚಿನಲ್ಲಿಯೇ ಸುರಿಯುವನು. ದೂರ ಹೊತ್ತುದಕ್ಕೂ ಕೂಲಿ ಸೇರಿಸಿದ ಹೊರತು ಬರಿಯ ಗದರಿಕೆಯಿಂದ ಇದು ನಡೆಯದು.

ಏಣಿಯು ಆಳುಗಳಿಗೆ ಹತ್ತಿರದಲ್ಲಿಯೇ ಇರಲಿ. ಗಾಡಿಗಳನ್ನೂ ಮಣ್ಣು ತೋಡುವ ಯಂತ್ರವನ್ನೂ ಅಂಚಿಗೆ ತರಕೂಡದು. ದಿನವೂ ಕೆಲಸಕ್ಕೆ ಮುಂಚೆ, ಮಳೆ ಬಿದ್ದ ಮೇಲಂತೂ ತಪ್ಪದೆ, ತಿಳಿದವನೊಬ್ಬನು ದಡದ ಮೇಲುಭಾಗದಲ್ಲಿ ಬಿರುಕುಗಳನ್ನು ಹುಡುಕಬೇಕು.

ಹೂಳೆತ್ತುವ ಹಳೆಯ ಬಾವಿಗಳಲ್ಲಿ ಅಪಾಯವು ಗಾಳಿಯದು. ದೀಪವಿಳಿಸಿ ಆರಿದರೆ ಇಳಿಯಬಾರದೆಂಬ ಹಿರಿಯರ ಪದ್ಧತಿ ಅರ್ಧ ಮಾತ್ರ ಸರಿ. ಎಂಜಿನ್ನಿನ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯಿಲ್ಲ, ಅದರಲ್ಲಿ ದೀಪವೂ ಆರದೆ ಉರಿಯಬಹುದು. ಕೊಳೆತ ಹೂಳಿನಿಂದ ಹೊತ್ತಿಕೊಳ್ಳುವ ಅನಿಲ ಎದ್ದಿದ್ದರೆ ದೀಪದಿಂದಲೇ ಅನಾಹುತ. ಆದುದರಿಂದ ಎಣ್ಣೆ ಎಂಜಿನ್ನನ್ನು ಬಾವಿಯೊಳಗೆ ನಡೆಸಲೇಕೂಡದು. ಅನಿಲ ಅಳೆಯುವ ಉಪಕರಣದಿಂದ ಪರೀಕ್ಷಿಸದೆ, ಗಾಳಿಯೂದುವ ಯಂತ್ರವಿಲ್ಲದೆ ಯಾರನ್ನೂ ಇಳಿಸಬೇಡಿರಿ. ಇಳಿಯುವವನಿಗೆ ಹಗ್ಗ ಕಟ್ಟಿ, ಅದನ್ನು ಹಿಡಿದ ಇಬ್ಬರು ಮೇಲೆ ನಿಲ್ಲಬೇಕು.

ಒಳಗಿದ್ದವನು ಬಿದ್ದರೆ ಅಣ್ಣನೋ ಮಗನೋ ಹಿಂದೆಯೇ ಧುಮುಕಿ ಒಂದೇ ಮನೆಯ ಇಬ್ಬರು ಮೂವರು ಸಾಯುವುದುಂಟು. ಗ್ರಾಮದ ಮುಖ್ಯಸ್ಥರು ಅಂಥವರನ್ನು ಬಲಾತ್ಕಾರದಿಂದಲಾದರೂ ತಡೆದು, ಹಗ್ಗದಿಂದ ಎಳೆಯಿಸಿ, 112ಕ್ಕೆ ಕರೆ ಮಾಡಿಸತಕ್ಕದ್ದು. ಮಣ್ಣಿನಲ್ಲಿ ಹೂತವನನ್ನು ಮಾತ್ರ ಹಗ್ಗ ಹಾಕಿ ಎಳೆಯಕೂಡದು, ಯಂತ್ರದಿಂದ ತೋಡಲೂಕೂಡದು. ಉಳಿದ ದಡಕ್ಕೆ ಮೊದಲು ಹಲಗೆ ಕೊಟ್ಟು, ಮುಖವನ್ನೂ ಎದೆಯನ್ನೂ ಕೈಯಿಂದ ಬಿಡಿಸಿ, ಆಮೇಲೆ ಕಾಲಿನವರೆಗೆ ಮಣ್ಣು ತೆಗೆಯಬೇಕು.