ಸಂಧಿವಾತ: ನೋವು ಕೀಲಿನಲ್ಲಿ, ರೋಗ ಮೈಯಲ್ಲೆಲ್ಲ

ಮನೆಯಲ್ಲಿ ಅಮ್ಮನೋ ಚಿಕ್ಕಮ್ಮನೋ ಬೆಳಗಿನ ಹೊತ್ತು ಒದ್ದೆ ಬಟ್ಟೆ ಹಿಂಡಲಾಗದೆ ಬಕೆಟ್ಟಿನಲ್ಲೇ ಬಿಟ್ಟು ಬರುವುದನ್ನು ನೀವು ಕಂಡಿರಬಹುದು. ನಲ್ಲಿ ತಿರುಗಿಸಲು, ಡಬ್ಬಿಯ ಮುಚ್ಚಳ ತೆಗೆಯಲು, ಬಳೆ ತೊಡಲು ಬೆರಳು ಬಗ್ಗುವುದಿಲ್ಲ. ಬಿಸಿಲೇರಿದ ಮೇಲೆ ಕೈ ಸಡಿಲವಾಗುತ್ತದೆ, ಅವರು ಎಂದಿನಂತೆ ಕೆಲಸಕ್ಕೆ ತೊಡಗುತ್ತಾರೆ. "ವಾಯು ಇರಬೇಕು, ವಯಸ್ಸಾಯಿತಲ್ಲ" ಎಂದು ಮನೆಯವರು ಮಾತು ಮುಗಿಸುತ್ತಾರೆ. ಹಾಗೆ ಹೇಳಿಸಿಕೊಂಡವರ ವಯಸ್ಸು ಎಷ್ಟೋ ಸಲ ನಲವತ್ತನ್ನೂ ದಾಟಿರುವುದಿಲ್ಲ!

ಕೀಲುನೋವುಗಳೆಲ್ಲ ಒಂದೇ ಅಲ್ಲ. ಅಜ್ಜಿಯ ಮಂಡಿಯಲ್ಲಿ ಬರುವುದು ಹೆಚ್ಚಾಗಿ ಸವಕಳಿಯ ನೋವು. ಅದು ನಡೆದರೆ ಹೆಚ್ಚುತ್ತದೆ, ಕುಳಿತರೆ ತಗ್ಗುತ್ತದೆ. ನಾವು ಇಲ್ಲಿ ಮಾತನಾಡುತ್ತಿರುವ ರುಮಟಾಯ್ಡ್ ಸಂಧಿವಾತದ ರೀತಿ ಇದಕ್ಕೆ ತಲೆಕೆಳಗು. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕೀಲೇ ಬೆಳಿಗ್ಗೆ ಬಿಗಿದುಕೊಂಡಿರುತ್ತದೆ, ಅದೂ ಅರ್ಧ ಗಂಟೆಗಿಂತ ಹೆಚ್ಚು ಕಾಲ. ಬೆರಳಿನ ಬುಡದ ಮತ್ತು ನಡುವಿನ ಗೆಣ್ಣುಗಳು, ಮಣಿಕಟ್ಟು, ಪಾದದ ಮುಂಭಾಗದ ಸಣ್ಣ ಕೀಲುಗಳು ಊದಿಕೊಳ್ಳುತ್ತವೆ. ಉಗುರಿನ ಪಕ್ಕದ ಗೆಣ್ಣು ಸಾಮಾನ್ಯವಾಗಿ ಪಾರಾಗುತ್ತದೆ. ಎಡಗೈಗೆ ಬಂದದ್ದು ಬಲಗೈಗೂ ಬರುತ್ತದೆ. ವಯಸ್ಕರಲ್ಲಿ ನೂರಕ್ಕೆ ಅರ್ಧದಿಂದ ಒಬ್ಬರವರೆಗೆ ಈ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಇನ್ನು ಕೀಲಿನ ಒಳಗೆ ಇಣುಕೋಣ. ಕೀಲಿನ ಒಳಗೋಡೆಗೆ ಒಂದು ತೆಳುಪೊರೆ ಇರುತ್ತದೆ. ಆರೋಗ್ಯವಂತರಲ್ಲಿ ಇದರ ಒಳಪದರದ ದಪ್ಪ ಒಂದೆರಡು ಜೀವಕೋಶಗಳಷ್ಟು ಮಾತ್ರ. ಮೊಟ್ಟೆಯ ಬಿಳಿಯಂತಹ ಜಾರುದ್ರವವನ್ನು ಒದಗಿಸುವುದು ಇದರ ಕೆಲಸ. ಹೊರಗಿನ ರೋಗಾಣುಗಳನ್ನು ಹೊಡೆಯಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ಗುರುತು ತಪ್ಪಿ ಈ ಪೊರೆಯ ಮೇಲೆಯೇ ತಿರುಗಿಬೀಳುತ್ತದೆ. ರಕ್ತದಿಂದ ಬಿಳಿಯ ಕಣಗಳು ನುಗ್ಗುತ್ತವೆ, ಹೊಸ ರಕ್ತನಾಳಗಳು ಹುಟ್ಟುತ್ತವೆ, ಪೊರೆ ದಪ್ಪವಾಗಿ ಬೆಳೆದು ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಹೀಗೆ ಕೊರೆದುಹೋದ ಮೂಳೆ ಮತ್ತೆ ಮೊದಲಿನಂತಾಗುವುದು ಬಹಳ ಅಪರೂಪ.

ಗುರುತು ತಪ್ಪುವುದು ಏಕೆ? ಅನುವಂಶೀಯತೆಯ ಪಾತ್ರವಿದೆ, ಆದರೆ ಅದೊಂದೇ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ 15ರ ಆಸುಪಾಸು ಮಾತ್ರ. ಧೂಮಪಾನ ಖಚಿತವಾಗಿ ಅಪಾಯವನ್ನು ಹೆಚ್ಚಿಸುತ್ತದೆ. ಪ್ರೋಟೀನುಗಳಲ್ಲಿರುವ ಆರ್ಜಿನೀನ್ ಎಂಬ ಅಮೈನೋ ಆಮ್ಲ ಸಿಟ್ರುಲಿನ್ ಆಗಿ ಮಾರ್ಪಟ್ಟಾಗ ಕೆಲವರ ದೇಹ ಅದನ್ನು ಪರಕೀಯವೆಂದು ಭಾವಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲ ಗೆಣ್ಣು ಊದುವುದಕ್ಕೆ ವರ್ಷಗಳ ಮುಂಚೆಯೇ ಇವು ರಕ್ತದಲ್ಲಿ ಕಾಣಿಸಿಕೊಳ್ಳಬಲ್ಲವು. ಎಂದರೆ ರೋಗ ಶುರುವಾಗುವುದು ಬೆರಳಿನಲ್ಲಿ ಅಲ್ಲ.

ಇದು ಮೈಯೆಲ್ಲದರ ರೋಗ ಎನ್ನುವುದು ಈ ಕಾರಣಕ್ಕೇ. ಉರಿಯೂತದ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇವು ಕೀಲಿನಲ್ಲೇ ಉಳಿಯದೆ ರಕ್ತದೊಡನೆ ಊರೆಲ್ಲ ಸುತ್ತುತ್ತವೆ. ಇಂಟರ್‌ಲ್ಯೂಕಿನ್-6 ಯಕೃತ್ತನ್ನು ತಲುಪಿದಾಗ ಏನಾಗುತ್ತದೆ ನೋಡಿ. ಯಕೃತ್ತು ಸಿ.ಆರ್.ಪಿ. ಎಂಬ ಪ್ರೋಟೀನನ್ನು ಹೇರಳವಾಗಿ ಹೊರಬಿಡುತ್ತದೆ (ವೈದ್ಯರು ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ). ಜೊತೆಗೆ ಹೆಪ್ಸಿಡಿನ್ ಎಂಬ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆ. ಅದು ದೇಹದ ಕಬ್ಬಿಣವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿಬಿಡುತ್ತದೆ. ಕಬ್ಬಿಣ ಮೈಯಲ್ಲೇ ಇದ್ದರೂ ಕೆಂಪು ರಕ್ತಕಣಗಳಿಗೆ ಸಾಲದು. ಕೀಲುನೋವಿನ ಗೃಹಿಣಿ ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದು, ಆದರೂ ಬಿಳಿಚಿಕೊಂಡು ಮೆಟ್ಟಿಲೇರುವಾಗ ಏದುಸಿರು ಬಿಡುವುದರ ಗುಟ್ಟು ಕೆಲವೊಮ್ಮೆ ಇಲ್ಲಿರುತ್ತದೆ. ಅವರ ಸುಸ್ತನ್ನು ಸೋಮಾರಿತನವೆಂದು ಆಡಿಕೊಳ್ಳುವುದು ನನಗಂತೂ ಈ ರೋಗದ ಜೊತೆ ಸೇರಿಕೊಂಡ ಇನ್ನೊಂದು ರೋಗವೆನಿಸುತ್ತದೆ.

ಇದೇ ಉರಿಯೂತ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ಚುರುಕುಗೊಳಿಸುತ್ತದೆ. ಈ ರೋಗಿಗಳಲ್ಲಿ ಹೃದಯಾಘಾತದ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ಶ್ವಾಸಕೋಶ ಗಡುಸಾಗಬಹುದು, ಕಣ್ಣು ಒಣಗಬಹುದು, ಮೊಣಕೈ ಬಳಿ ಗಂಟುಗಳೇಳಬಹುದು, ಮೂಳೆ ಟೊಳ್ಳಾಗಬಹುದು.

ಔಷಧದ ಕಥೆ ಸ್ವಾರಸ್ಯವಾಗಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು 29 ವರ್ಷದ ಒಬ್ಬ ರೋಗಿಗೆ ಕಾರ್ಟಿಸೋನ್ ಚುಚ್ಚಿದಾಗ, ಹಾಸಿಗೆ ಹಿಡಿದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಮುರಿಯುವುದು ಒಂದೊಂದಾಗಿ ಬೆಳಕಿಗೆ ಬಂದವು. ಇಂದಿಗೂ ಹೆಸರಿಲ್ಲದ ಪೊಟ್ಟಣಗಳಲ್ಲಿ "ಅಡ್ಡಪರಿಣಾಮವಿಲ್ಲದ ಮದ್ದು" ಎಂದು ಮಾರುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು.

ಇಂದು ಚಿಕಿತ್ಸೆಯ ಬೆನ್ನೆಲುಬಾಗಿರುವ ಮೆಥೊಟ್ರೆಕ್ಸೇಟ್‌ನ ಹಿಂದೆ ನಮ್ಮವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಫೋಲಿಕ್ ಆಮ್ಲದ ವಿರೋಧಿಗಳಾಗಿ ವರ್ತಿಸುವ ಈ ಬಗೆಯ ಸಂಯುಕ್ತಗಳನ್ನು ತಯಾರಿಸಿತು. ಅವು ಮೊದಲು ಬಳಕೆಯಾದದ್ದು ರಕ್ತದ ಕ್ಯಾನ್ಸರಿಗೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ಇದೇ ಕುಟುಂಬದ ಔಷಧವನ್ನು ಸಂಧಿವಾತಕ್ಕೆ ಕೊಟ್ಟು ನೋಡಿದ ವರದಿ ಬಂದದ್ದು 1951ರಲ್ಲಿ. 1992ರಲ್ಲಿ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಟಿ.ಎನ್.ಎಫ್. ಅನ್ನೇ ತಡೆಯುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟು ಫಲ ಕಂಡರು. ಒಂದು ಸುದ್ದಿಗಾರನ ಬಾಯಿ ಕಟ್ಟಿದರೆ ಇಡೀ ಗದ್ದಲ ತಗ್ಗುತ್ತದೆಂದು ಅದರಿಂದ ತಿಳಿಯಿತು. ಈ ಚುಚ್ಚುಮದ್ದು ಮೈಯಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲದು. ಆದ್ದರಿಂದ ಕೊಡುವ ಮುನ್ನ ಕ್ಷಯದ ಪರೀಕ್ಷೆ ಮಾಡುತ್ತಾರೆ.

ಇಷ್ಟೆಲ್ಲ ಔಷಧಗಳಿದ್ದೂ ಕೈಬೆರಳು ಸೊಟ್ಟಗಾದವರನ್ನು ನಾವು ನೋಡುತ್ತೇವೆ. ಬಹಳ ಸಲ ಕಾರಣ ತಡ. ಮೂಳೆ ಕೊರೆತ ಮೊದಲ ಎರಡು ವರ್ಷಗಳಲ್ಲೇ ಆರಂಭವಾಗುವುದುಂಟು. ಚಿಕಿತ್ಸೆ ಮೊದಲ ಕೆಲವೇ ತಿಂಗಳಲ್ಲಿ ಸಿಕ್ಕರೆ ಫಲ ಹೆಚ್ಚು. ಆರು ವಾರ ಕಳೆದರೂ ಇಳಿಯದ ಊತ, ಬೆಳಗಿನ ಬಿಗಿತ, ಕೈ ಕುಲುಕಿದರೆ ಚೀರುವಂತಹ ನೋವು ಇದ್ದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು, ಏಕೆಂದರೆ ಮನೆಯಲ್ಲಿ ಔಷಧದ ಚೀಟಿ ಓದುವವರು ನೀವೇ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನಕ್ಕೊಂದು ಎಂದು ತಪ್ಪು ತಿಳಿದು ನುಂಗಿದವರ ಬಾಯಲ್ಲಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣ ಹೋದದ್ದುಂಟು. ಚೀಟಿಯಲ್ಲಿ "ವಾರಕ್ಕೊಮ್ಮೆ" ಎಂದಷ್ಟೇ ಇದ್ದರೆ ಸಾಲದು. ಸೋಮವಾರವೋ ಭಾನುವಾರವೋ, ಆ ವಾರದ ಹೆಸರನ್ನೇ ವೈದ್ಯರಿಂದ ಬರೆಸಿಕೊಂಡು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕಿಡಿ.