ಮಗಳು ತಟ್ಟೆ ಸರಿಸಿದಾಗ

ನಮ್ಮ ಬೆಳಕವಾಡಿ ಕಡೆ ಹೆಣ್ಣುಮಗಳು ಊಟ ಬಿಟ್ಟರೆ ಮೊದಲು ದೃಷ್ಟಿ ತೆಗೆಯುತ್ತೇವೆ, ಆಮೇಲೆ ಗದರುತ್ತೇವೆ. "ಯಾಕ್ ಮಗಾ, ಮುದ್ದೆ ಮುಟ್ನೇ ಇಲ್ವಲ್ಲ?" ಎಂದರೆ "ಇವತ್ತು ಸೋಮವಾರ ಕಣವ್ವ, ಒಪ್ಪತ್ತು" ಅನ್ನುತ್ತಾಳೆ. ಶನಿವಾರವೂ ಒಪ್ಪತ್ತು. ನಡುವಿನ ದಿನಗಳಲ್ಲಿ ಹೊಟ್ಟೆ ಉಬ್ಬರ. ವ್ರತಕ್ಕೆ ಬೇಡವೆನ್ನಲು ಯಾವ ತಾಯಿಗೆ ಬಾಯಿ ಬಂದೀತು? ಈ ಮರೆಯಲ್ಲೇ ಕಾಯಿಲೆಯೊಂದು ತಿಂಗಳುಗಟ್ಟಲೆ ಬೆಳೆಯಬಹುದು.

ಹೌದು ಸೋದರಿಯರೇ, ಕಾಯಿಲೆಯೇ. ಹಟವಲ್ಲ, ಗಾಳಿಯೂ ಅಲ್ಲ. ಮೂಳೆ ಕಾಣುವಷ್ಟು ಸೊರಗಿದರೂ ದಪ್ಪಗಾಗುತ್ತೇನೆಂಬ ಭಯ ಬಿಡದು. ಇದಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಎಂದು 1870ರ ದಶಕದಲ್ಲಿ ಹೆಸರಿಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಗಲ್. ನಮ್ಮ ದೇಶದಲ್ಲಿ ಕೆಲವರು ದಪ್ಪದ ಮಾತೇ ಎತ್ತುವುದಿಲ್ಲ; ಹಸಿವಿಲ್ಲ, ಹೊಟ್ಟೆ ಭಾರ ಎನ್ನುತ್ತಾರೆ. ಹಾಗಾಗಿ ಮನೆಯವರು ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸುತ್ತಲೇ ಇರುತ್ತಾರೆ.

ಇನ್ನೊಂದು ಬಗೆ 'ಬುಲಿಮಿಯಾ'. ಗುಟ್ಟಾಗಿ ವಿಪರೀತ ತಿಂದು, ಬೆರಳು ಹಾಕಿ ವಾಂತಿ ಮಾಡುವುದು. ಇವರು ಸೊರಗಿರಲೇಬೇಕೆಂದಿಲ್ಲ, ಅದಕ್ಕೇ ಯಾರಿಗೂ ತಿಳಿಯುವುದಿಲ್ಲ. ಊಟವಾದೊಡನೆ ಬಚ್ಚಲಿಗೆ ಓಡುವುದು, ಕೆನ್ನೆ ಊದುವುದು, ಹಲ್ಲು ಸವೆಯುವುದು ಇದರ ಗುರುತು. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪೀತು. ಊಟ ಬಿಟ್ಟವಳಿಗಾದರೆ ಮುಟ್ಟು ನಿಲ್ಲುತ್ತದೆ, ಕೂದಲು ಉದುರುತ್ತದೆ, ಬಿಸಿಲಲ್ಲೂ ಚಳಿ. ಗಂಡುಮಕ್ಕಳಿಗೂ ಈ ರೋಗ ಬರುತ್ತದೆ.

ಹೆಣ್ಣು ನೋಡಲು ಬಂದವರೆದುರು "ಸ್ವಲ್ಪ ದಪ್ಪ, ಇಳಿಸ್ಕೋತಾಳೆ" ಎಂದು ನಗುವ ನಾವು ಆ ಮಾತು ಅವಳ ಮನಸ್ಸಿನಲ್ಲಿ ಎಷ್ಟು ದಿನ ಕೂತಿರುತ್ತದೆಂದು ಯೋಚಿಸುವುದಿಲ್ಲ. ಕಾಯಿಲೆಗೆ ಅದೊಂದೇ ಕಾರಣವಲ್ಲ, ವಂಶದ ಪಾಲೂ ಇದೆ. ತಾಯಿ ತನ್ನನ್ನೇ ಹಳಿದುಕೊಳ್ಳುವುದೂ ಬೇಡ.

ಒಂದು ಎಚ್ಚರಿಕೆ. ಬಹಳ ದಿನ ಉಪವಾಸ ಬಿದ್ದ ಮೈಗೆ ಒಮ್ಮೆಲೇ ತುಪ್ಪ, ಪಾಯಸ ಎಂದು ತುರುಕಬೇಡಿ. ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರು ಹೇಳಿದ ಅಳತೆಯಲ್ಲೇ ಊಟ ಹೆಚ್ಚಿಸಬೇಕು. ಹರೆಯದ ಮಕ್ಕಳ ಚಿಕಿತ್ಸೆಯಲ್ಲಿ ಅಪ್ಪ ಅಮ್ಮನೇ ಪಕ್ಕದಲ್ಲಿ ಕೂತು ಉಣಿಸುವ ಪದ್ಧತಿಯಿದೆ. ತಿಂಗಳುಗಳೇ ಹಿಡಿದರೂ ಗುಣ ಕಾಣುತ್ತದೆ.

ಮೊದಲು ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೂಕ, ನಾಡಿ, ರಕ್ತ ನೋಡಿಸಿ. ಮುಂದೆ ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್ ಇದ್ದಾರೆ. ನಾಲ್ಕು ಜನ ನೋಡ್ತಾರೆ ಅನ್ನುವ ಅಂಜಿಕೆಯೇ? 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ಗೆ, 14416ಕ್ಕೆ, ಮನೆಯಿಂದಲೇ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ಆದರೆ ಮಗಳು ತಲೆ ಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ, ನೀರೂ ಬೇಡವೆಂದರೆ ಫೋನಿಗೂ ಕಾಯಬೇಡಿ. ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ.